ಚಿಕ್ಕಮ್ಮನಿಗೆ ಅರ್ಥವಾಗದ ಸಂಶೋಧನೆಯನ್ನು ಜನರ ಮುಂದೆ ಹೇಗೆ ಇಡಲಿ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದೇನೆ. ನಿಂತ ನೀರಿನ ಮೇಲೆ ಹಸಿರು ಚುಕ್ಕೆಗಳ ಹಾಗೆ ತೇಲುವ ಲೆಮ್ನಾ ಎಂಬ ಪುಟ್ಟ ಗಿಡದ ಮೇಲೆ ಬಟ್ಟೆ ಒಗೆಯುವ ಪುಡಿಯ ಪರಿಣಾಮ ಏನು ಅಂತ ಎಂಟು ತಿಂಗಳು ಕೆಲಸ ಮಾಡಿದ್ದೇನೆ. ಏನೂ ಹಾಕದ್ದೂ ಸೇರಿ ಐದು ಪ್ರಮಾಣ, ಒಂದೊಂದಕ್ಕೆ ನಾಲ್ಕು ಲೋಟ, ಏಳು ದಿನ ದಿನಾ ಎಲೆ ಎಣಿಕೆ. ಪುಡಿ ಹೆಚ್ಚಾದಷ್ಟೂ ಬೆಳವಣಿಗೆ ಕುಗ್ಗುತ್ತದೆ ಅಂದುಕೊಂಡಿದ್ದೆ. ಹೆಚ್ಚು ಹಾಕಿದ ಲೋಟಗಳಲ್ಲಿ ಹಾಗೇ ಆಯಿತು. ಆದರೆ ತೀರಾ ಕಡಿಮೆ ಹಾಕಿದ ಲೋಟಗಳಲ್ಲಿ ಗಿಡ, ಏನೂ ಹಾಕದ ಲೋಟಗಳಿಗಿಂತ ಜಾಸ್ತಿ ಬೆಳೆಯಿತು! ಮುಂದಿನ ತಿಂಗಳು ಸಾರ್ವಜನಿಕ ಪ್ರದರ್ಶನದಲ್ಲಿ ಮೂರು ಗಂಟೆ ಪೋಸ್ಟರ್ ಪಕ್ಕ ನಿಂತು ವಿವರಿಸಬೇಕು. ಹತ್ತು ನಿಮಿಷದ ಮಾತು ಬಾಯಿಪಾಠ ಮಾಡಿದ್ದೇನೆ. ಚಿಕ್ಕಮ್ಮನ ಮುಂದೆ ಒಪ್ಪಿಸಿದರೆ ‘ಒಂದಕ್ಷರವೂ ತಿಳೀಲಿಲ್ಲ ಕಣೇ’ ಅಂದರು. ಸರಳ ಮಾಡಹೊರಟರೆ ಅದು ವಿಜ್ಞಾನವೇ ಅಲ್ಲ ಅನ್ನಿಸುತ್ತದೆ. ಅಂದುಕೊಂಡಂತೆ ಬರದ ಆ ಫಲಿತಾಂಶವನ್ನು ಬಿಟ್ಟುಬಿಡಲಾ? ಪುಡಿಯನ್ನು ಸರಿಯಾಗಿ ತೂಗಲು ಒಬ್ಬ ಪ್ರಾಧ್ಯಾಪಕರ ಲ್ಯಾಬಿಗೆ ಹೋಗಿದ್ದೆ. ‘ಇದನ್ನೆಲ್ಲ ನೀನೇ ಮಾಡಿದ್ದಾ?’ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ?

ಉತ್ತರ: ನಿನ್ನನ್ನು ನೀನು ಎಂದೇ ಕರೆಯುತ್ತೇನೆ, ನನ್ನೆದುರು ಪೋಸ್ಟರ್ ಪಕ್ಕ ನಿಲ್ಲುವ ಮಕ್ಕಳ ವಯಸ್ಸು ನಿನ್ನದು. ಇಂಥ ಪ್ರದರ್ಶನಗಳಲ್ಲಿ ಕೆಲವೊಮ್ಮೆ ತೀರ್ಪುಗಾರಳಾಗಿ, ಕೆಲವೊಮ್ಮೆ ಸುಮ್ಮನೆ ನೋಡಲು ಬಂದವಳಾಗಿ ವರ್ಷಗಟ್ಟಲೆ ಓಡಾಡಿದ್ದೇನೆ. ನಿನ್ನ ಮೂರು ಪ್ರಶ್ನೆಗಳಿಗೂ ನನ್ನಲ್ಲಿರುವುದು ಒಂದೇ ಉತ್ತರ: ನೀನು ಹೇಗೆ ಅಳೆದೆ ಎಂಬುದು ಬಂದವರ ಕಣ್ಣಿಗೆ ಕಾಣಬೇಕು. ಅದು ಕಂಡರೆ ಚಿಕ್ಕಮ್ಮನಿಗೂ ತಿಳಿಯುತ್ತದೆ, ಅಂದುಕೊಂಡದ್ದಕ್ಕೆ ಎದುರಾಗಿ ಬಂದ ಫಲಿತಾಂಶಕ್ಕೂ ನೆಲೆ ಸಿಗುತ್ತದೆ, ನೀನೇ ಮಾಡಿದ್ದಾ ಎಂಬ ಅನುಮಾನವೂ ಅಲ್ಲೇ ಬಗೆಹರಿಯುತ್ತದೆ.

ಮೊದಲು ಆ ಬಾಯಿಪಾಠ ಬಿಡು. ಯಾಕೆ ಅನ್ನುವುದಕ್ಕೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಒಬ್ಬ ಹುಡುಗ ಸದ್ದು ತಡೆಯುವ ವಸ್ತುಗಳ ಮೇಲೆ ಕೆಲಸ ಮಾಡಿದ್ದ. ರಟ್ಟಿನ ಡಬ್ಬಿಯೊಳಗೆ ಬಜರ್ ಇಟ್ಟು, ಸುತ್ತ ಬಟ್ಟೆ, ಹತ್ತಿ, ಥರ್ಮಾಕೋಲ್ ಹೀಗೆ ಒಂದೊಂದನ್ನೇ ತುಂಬಿ, ಹೊರಗೆ ಎಷ್ಟು ಸದ್ದು ಬರುತ್ತದೆ ಎಂದು ಅಳೆದಿದ್ದ. ಮಾತು ಅರ್ಧಕ್ಕೆ ಬಂದಾಗ ಒಬ್ಬ ಹಿರಿಯರು ಬಗ್ಗಿ ನೋಡಿ, ‘ಮುಚ್ಚಳದ ಅಂಚಿಗೆ ಇದೇನಪ್ಪ, ಮೇಣ ಮೆತ್ತಿದೀಯ?’ ಅಂದರು. ಹುಡುಗ ತಬ್ಬಿಬ್ಬಾದ. ಒಂದು ಕ್ಷಣ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ‘ಎಲ್ಲರಿಗೂ ನಮಸ್ಕಾರ’ ಎಂದು ಮತ್ತೆ ಮೊದಲಿನಿಂದ ಶುರುಮಾಡಿದ. ಹಿರಿಯರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ಬೆನ್ನು ತಟ್ಟಿ ಹೋದರು.

ಜನ ಕರಗಿದ ಮೇಲೆ ನಾನು ಅದೇ ಪ್ರಶ್ನೆ ಕೇಳಿದೆ. ಮೊದಲ ಮೂರು ವಾರ ಯಾವ ವಸ್ತು ತುಂಬಿದರೂ ಅಳತೆ ಹೆಚ್ಚುಕಡಿಮೆ ಒಂದೇ ಬರುತ್ತಿತ್ತಂತೆ. ಒಂದು ರಾತ್ರಿ ಕೋಣೆಯ ದೀಪ ಆರಿಸಿ, ಡಬ್ಬಿಯೊಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಿದಾಗ ಮುಚ್ಚಳದ ಅಂಚಿನಲ್ಲಿ ಸಣ್ಣ ಬೆಳಕಿನ ಗೆರೆ ಕಂಡಿತಂತೆ. ಬೆಳಕು ನುಸುಳುವ ಕಡೆ ಸದ್ದೂ ನುಸುಳುತ್ತದೆ ಎಂದುಕೊಂಡು ಮೇಣ ಮೆತ್ತಿದ. ಮರುದಿನದಿಂದ ಅಳತೆಗಳು ಬೇರೆಬೇರೆ ಬರತೊಡಗಿದವು. ಇದನ್ನು ಹೇಳುವಾಗ ಆ ಹುಡುಗನ ಮುಖವೇ ಬೇರೆಯಾಗಿತ್ತು. ಅವನ ಇಡೀ ಕೆಲಸದಲ್ಲಿ ನನಗೆ ಅತಿ ಹಿಡಿಸಿದ್ದು ಆ ಟಾರ್ಚು. ಅದು ಅವನ ಭಾಷಣದಲ್ಲಿ ಎಲ್ಲೂ ಇರಲಿಲ್ಲ.

ಹತ್ತು ನಿಮಿಷದ ಮಾತಿನ ಬದಲು ಒಂದೇ ಒಂದು ವಾಕ್ಯ ಸಿದ್ಧಮಾಡಿಕೊ. ‘ಬಟ್ಟೆ ಒಗೆಯುವ ಪುಡಿ ನೀರಿಗೆ ಸೇರಿದರೆ ಈ ತೇಲುವ ಗಿಡ ಹೆಚ್ಚುತ್ತದೋ ಸಾಯುತ್ತದೋ ಅಂತ ಏಳು ದಿನ ಎಲೆ ಎಣಿಸಿ ನೋಡಿದೆ.’ ಇಷ್ಟು ಹೇಳಿ ಸುಮ್ಮನಾಗು. ಆ ಮೌನ ಕಷ್ಟ, ಗೊತ್ತು, ತುಂಬಿಬಿಡೋಣ ಅನ್ನಿಸುತ್ತದೆ. ತುಂಬಬೇಡ. ಎದುರಿಗಿರುವವರು ಏನಾದರೂ ಕೇಳಿಯೇ ಕೇಳುತ್ತಾರೆ. ‘ಎಲೆ ಎಣಿಸೋದಾ? ಇಷ್ಟು ಚಿಕ್ಕದನ್ನಾ?’ ಅನ್ನಬಹುದು. ‘ಯಾವ ಪುಡಿ?’ ಅನ್ನಬಹುದು. ಅವರು ಹಿಡಿದ ಎಳೆಯಿಂದಲೇ ನೀನು ಮುಂದುವರಿ. ಮೂರು ಗಂಟೆಯಲ್ಲಿ ಬರುವವರೆಲ್ಲ ಒಂದೇ ಬಾಗಿಲಿಂದ ಒಳಗೆ ಬರಬೇಕು ಎಂದು ಯಾಕೆ ಹಟ?

ಇನ್ನು ‘ಅಳತೆ ಕಾಣಬೇಕು’ ಅಂದೆನಲ್ಲ, ನಿನ್ನ ವಿಷಯದಲ್ಲಿ ಅದು ಬಹಳ ಸುಲಭ. ಲೆಮ್ನಾದಲ್ಲಿ ತಾಯಿ ಎಲೆಯ ಪಕ್ಕದಿಂದ ಮರಿ ಎಲೆ ಹೊರಟು, ದೊಡ್ಡದಾಗಿ, ಕಳಚಿಕೊಂಡು ತಾನೂ ತಾಯಿಯಾಗುತ್ತದೆ. ಅನುಕೂಲ ಒದಗಿದರೆ ಎರಡು ಮೂರು ದಿನಕ್ಕೇ ಸಂಖ್ಯೆ ಇಮ್ಮಡಿಯಾಗುತ್ತದೆ. ಹೀಗಾಗಿಯೇ ನೀರಿನಲ್ಲಿರುವ ರಾಸಾಯನಿಕ ಎಷ್ಟು ವಿಷ ಎಂದು ನೋಡಲು ದೊಡ್ಡ ಪ್ರಯೋಗಾಲಯಗಳೂ ಇದನ್ನು ಬಳಸುತ್ತವೆ. ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿಯ 221ನೇ ಪರೀಕ್ಷಾ ಮಾರ್ಗಸೂಚಿ ಈ ಗಿಡಕ್ಕೆಂದೇ ಇದೆ, ಅದರಲ್ಲಿ ಹೇಳಿರುವ ಅವಧಿಯೂ ಏಳು ದಿನ. ಆದರೆ ಎಣಿಸಲು ಕೂತವರಿಗೆ ಗೊತ್ತು, ತಾಯಿಯ ಅಂಚಿನಿಂದ ಆಗಷ್ಟೇ ಇಣುಕುತ್ತಿರುವ ಆ ಮರಿಯನ್ನು ಏನು ಮಾಡುವುದು? ಒಂದು ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದೋ, ನಾಳೆ ನೋಡೋಣ ಎಂದು ಬಿಡುವುದೋ? ನೀನೂ ಇದಕ್ಕೊಂದು ನಿಯಮ ಮಾಡಿಕೊಂಡೇ ಇರುತ್ತೀಯ.

ನಿನ್ನ ಒಂದು ಲೋಟವನ್ನು ಮೇಲಿನಿಂದ ತೆಗೆದ ಫೋಟೊ ಇದ್ದರೆ ದೊಡ್ಡದಾಗಿ ಪ್ರಿಂಟ್ ಹಾಕಿಸು. ಪಕ್ಕದಲ್ಲೊಂದು ಭೂತಗನ್ನಡಿ, ಚೀಟಿ, ಪೆನ್ಸಿಲ್ ಇಡು. ಬಂದವರಿಗೆ ‘ಇದರಲ್ಲಿ ಎಷ್ಟು ಎಲೆ ಇದೆ, ಎಣಿಸಿ ಬರೀರಿ’ ಅನ್ನು. ಗಂಡ ಹೆಂಡತಿ ಒಟ್ಟಿಗೆ ಬಂದಿದ್ದರೆ ಇಬ್ಬರಿಗೂ ಬೇರೆಬೇರೆ ಚೀಟಿ ಕೊಡು. ಅವರ ಲೆಕ್ಕ ಒಂದೇ ಬರುವುದು ಅಪರೂಪ. ಆಗ ನಿನ್ನ ನಿಯಮ ಹೇಳು: ‘ಇಣುಕುವ ಮರಿಯನ್ನೂ ನಾನು ಎಣಿಸಿದೆ, ಎಲ್ಲ ಲೋಟಕ್ಕೂ ಇದೇ ನಿಯಮ.’ ಯಾವ ಲೋಟದಲ್ಲಿ ಎಷ್ಟು ಪುಡಿ ಇದೆ ಎಂದು ತಿಳಿಯದ ಹಾಗೆ ಚೀಟಿ ಮುಚ್ಚಿ ಎಣಿಸಿದ್ದರೆ ಅದನ್ನೂ ಹೇಳು. ಎಣಿಸಿಲ್ಲದಿದ್ದರೆ, ಎಣಿಸಿಲ್ಲ ಎಂದೂ ಹೇಳು. ಒಂದು ನಿಯಮ ಯಾಕೆ ಬೇಕು, ಒಂದು ಲೋಟ ಸಾಲದೆ ನಾಲ್ಕು ಯಾಕೆ ಬೇಕು ಎಂಬುದನ್ನು ವಿವರಿಸುವ ಗೊಡವೆಯೇ ಇರುವುದಿಲ್ಲ, ಅವರ ಕೈಯಲ್ಲೇ ಎರಡು ಚೀಟಿ ಇರುತ್ತದೆ. ಚಿಕ್ಕಮ್ಮನನ್ನು ಕೂರಿಸಿಕೊಂಡು ಇದನ್ನು ಈ ವಾರವೇ ಮಾಡಿ ನೋಡು.

ಪೋಸ್ಟರಿನಲ್ಲೂ ಇದೇ ದಾರಿ ಹಿಡಿ. ಐದು ಎತ್ತರದ ಪಟ್ಟಿಗಳನ್ನು ನಿಲ್ಲಿಸುವ ಬದಲು ಇಪ್ಪತ್ತು ಲೋಟಕ್ಕೆ ಇಪ್ಪತ್ತು ಚುಕ್ಕೆ ಇಡು, ಸರಾಸರಿಗೆ ಒಂದು ಗೆರೆ ಎಳೆ. ಒಂದೇ ಪ್ರಮಾಣದ ನಾಲ್ಕು ಚುಕ್ಕೆಗಳು ಒತ್ತೊತ್ತಾಗಿವೆಯೋ ಚದುರಿವೆಯೋ ಎಂಬುದು ಓದು ಬಾರದವರಿಗೂ ಕಾಣುತ್ತದೆ. ಆ ಚಿತ್ರ ಕಣ್ಣಿನ ಮಟ್ಟದಲ್ಲಿರಲಿ. ಉಳಿದ ಅಕ್ಷರಗಳನ್ನು ಎಷ್ಟು ಕಡಿಮೆ ಮಾಡಿದರೂ ನಷ್ಟವಿಲ್ಲ.

ಸರಳ ಮಾಡಿದರೆ ವಿಜ್ಞಾನವೇ ಅಲ್ಲ ಅನ್ನಿಸುತ್ತದೆ ಅಂದೆ. ಈ ಅಳುಕು ನನ್ನ ಸಹೋದ್ಯೋಗಿಗಳಲ್ಲೂ ಇದೆ, ಆದ್ದರಿಂದ ನಿನ್ನನ್ನು ತಪ್ಪು ಅನ್ನಲಾರೆ. 2010ರಲ್ಲಿ ಬಯಾಲಜಿ ಲೆಟರ್ಸ್ ಎಂಬ ವಿಜ್ಞಾನ ನಿಯತಕಾಲಿಕದಲ್ಲಿ ಒಂದು ಪ್ರಬಂಧ ಬಂತು. ಬರೆದವರು ಇಂಗ್ಲೆಂಡಿನ ಬ್ಲ್ಯಾಕಾಟನ್ ಎಂಬ ಊರಿನ ಪ್ರಾಥಮಿಕ ಶಾಲೆಯ 8ರಿಂದ 10 ವರ್ಷದ 25 ಮಕ್ಕಳು. ಬಂಬಲ್‌ಬೀ ಎಂಬ ಜಾತಿಯ ದುಂಬಿಗಳು ಯಾವ ಹೂವಿಗೆ ಹೋಗಬೇಕೆಂದು ತೀರ್ಮಾನಿಸುವಾಗ ಬಣ್ಣವನ್ನೂ, ಆ ಬಣ್ಣ ಎಲ್ಲಿದೆ ಎಂಬುದನ್ನೂ ಜೊತೆಗೂಡಿಸಿ ಬಳಸಬಲ್ಲವು ಎಂದು ಅವರು ತೋರಿಸಿದರು. ಪ್ರಬಂಧದ ಮಾತು ಮಕ್ಕಳದೇ, ಚಿತ್ರಗಳನ್ನು ಬಣ್ಣದ ಪೆನ್ಸಿಲಿನಲ್ಲಿ ಅವರೇ ಬಿಡಿಸಿದ್ದರು. ಪ್ರಯೋಗದ ಕ್ರಮ ಸರಿಯಿದೆಯೇ, ಫಲಿತಾಂಶ ಅದರಿಂದ ಹೊರಡುತ್ತದೆಯೇ ಎಂದು ನೋಡಿದ ಪರಿಣತರು ಪ್ರಕಟಣೆಗೆ ಒಪ್ಪಿದರು. ಮಾತು ಎಳೆಯದಾಗಿದ್ದರೂ ಕೆಲಸ ಗಟ್ಟಿಯಾಗಿತ್ತು. ನೀನು ತೆಗೆಯಬೇಕಾದದ್ದು ಭಾರದ ಪದಗಳನ್ನು. ಅಳತೆ, ನಿಯಮ, ಹೋಲಿಕೆಯ ಲೋಟ ಇವನ್ನು ತೆಗೆದರೆ ಮಾತ್ರ ವಿಜ್ಞಾನ ಹೋಗುತ್ತದೆ. ‘ಸಾಂದ್ರತೆ’ ಅನ್ನುವ ಕಡೆ ‘ಒಂದು ಲೀಟರಿಗೆ ಇಷ್ಟು’ ಅನ್ನು. ಲೆಮ್ನಾ ಎಂಬ ಹೆಸರು ಹಾಗೇ ಇರಲಿ, ಗಿಡವನ್ನು ತೋರಿಸಿದ ಮೇಲೆ ಹೆಸರು ಯಾರಿಗೂ ಭಾರವಾಗುವುದಿಲ್ಲ.

ಈಗ ಆ ಎದುರು ಫಲಿತಾಂಶ. ಬಿಟ್ಟುಬಿಡಲಾ ಎಂದು ಕೇಳಿದ್ದೀಯ. ಖಂಡಿತ ಬಿಡಬೇಡ. ನಿನ್ನ ಪತ್ರ ಓದುತ್ತಾ ನಾನು ಎದ್ದು ಕೂತದ್ದೇ ಅಲ್ಲಿ. ಅಂದುಕೊಂಡದ್ದು ಬಾರದಿದ್ದರೆ ಸೋತೆ ಎಂಬ ಭಾವನೆ ಮಕ್ಕಳಿಗೆ ಬರುವುದಕ್ಕೆ ನಾವು ದೊಡ್ಡವರೇ ಕಾರಣ, ಬಹುಮಾನ ಕೊಡುವಾಗ ‘ಯಶಸ್ವಿಯಾಯಿತಾ?’ ಎಂದು ಕೇಳಿ ಕೇಳಿ ಹಾಗೆ ಮಾಡಿದ್ದೇವೆ. 1998ರಲ್ಲಿ ಅಮೆರಿಕದ ವೈದ್ಯರ ಸಂಘದ ನಿಯತಕಾಲಿಕ ಜಾಮಾದಲ್ಲಿ ಪ್ರಕಟವಾದ ಒಂದು ಪ್ರಯೋಗ ನೆನಪಾಗುತ್ತದೆ. ರೋಗಿಯ ಮೈ ಮುಟ್ಟದೆ, ಮೈಮೇಲಿನ ಶಕ್ತಿಯನ್ನು ಅಂಗೈಯಿಂದ ಅರಿತು ಗುಣಪಡಿಸುತ್ತೇವೆ ಎನ್ನುವ ಚಿಕಿತ್ಸಕರಿದ್ದರು. ಶಾಲೆಯ ವಿಜ್ಞಾನ ಮೇಳಕ್ಕೆಂದು 9 ವರ್ಷದ ಹುಡುಗಿಯೊಬ್ಬಳು ಅವರನ್ನು ಪರೀಕ್ಷಿಸಿದಳು. ನಡುವೆ ರಟ್ಟಿನ ಪರದೆ. ಕೆಳಗಿನ ತೂತುಗಳಿಂದ ಚಿಕಿತ್ಸಕರು ಎರಡೂ ಕೈ ಚಾಚಬೇಕು. ಹುಡುಗಿ ನಾಣ್ಯ ಚಿಮ್ಮಿ, ಅದು ಹೇಳಿದ ಕಡೆಯ ಅಂಗೈ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಹತ್ತಿರ ಅವಳ ಕೈ ಇದೆ ಎಂದು ಅವರು ಹೇಳಬೇಕು. 21 ಮಂದಿ, 280 ಸರದಿ, ಸರಿಯಾದದ್ದು 123, ಅಂದರೆ ಶೇ. 44. ಕಣ್ಣು ಮುಚ್ಚಿ ಊಹಿಸಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. ‘ಇಲ್ಲ, ಅರಿಯಲು ಆಗಲಿಲ್ಲ’ ಎಂಬುದೇ ಅಲ್ಲಿನ ಫಲಿತಾಂಶ, ಮತ್ತು ಈ ಪ್ರಯೋಗವನ್ನು ನಿನಗೆ ಹೇಳಲು ನನಗೆ ಒಂದು ಕಷ್ಟದ ಪದವೂ ಬೇಕಾಗಲಿಲ್ಲ.

ನಿನ್ನ ಲೋಟಗಳಲ್ಲಿ ಆದದ್ದಕ್ಕೆ ಕಾರಣ ಏನಿರಬಹುದು? ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಗಿಡಕ್ಕೆ ಗೊಬ್ಬರ. ತುಸುವೇ ಇದ್ದಾಗ ಗೊಬ್ಬರದ ಕೆಲಸ ಮೇಲುಗೈಯಾಗಿ, ಹೆಚ್ಚಾದಾಗ ಪುಡಿಯ ಉಳಿದ ಅಂಶಗಳ ವಿಷ ಮೇಲುಗೈಯಾಗಿರಬಹುದು. ಆಗಿರಬಹುದು ಎಂಬಲ್ಲಿಗೆ ನಿಲ್ಲಿಸು, ಏಕೆಂದರೆ ನೀನು ಫಾಸ್ಫೇಟ್ ಅಳೆದ ಬಗ್ಗೆ ಪತ್ರದಲ್ಲಿ ಏನೂ ಇಲ್ಲ. ಪೊಟ್ಟಣದ ಹಿಂದೆ ಏನು ಬರೆದಿದೆ ನೋಡು. ಈಗ ಫಾಸ್ಫೇಟ್ ಇಲ್ಲದ ಪುಡಿಗಳೂ ಇವೆ, ನಿನ್ನದು ಅದೇ ಆಗಿದ್ದರೆ ಈ ಊಹೆ ಅಲ್ಲಿಗೇ ಬಿದ್ದುಹೋಗುತ್ತದೆ.

ಒಂದು ಅಪಾಯವನ್ನು ಮಾತ್ರ ಮೊದಲೇ ಕಾಣು. ‘ಒಗೆಯುವ ಪುಡಿ ಸ್ವಲ್ಪ ಹಾಕಿದರೆ ಗಿಡಕ್ಕೆ ಒಳ್ಳೆಯದಂತೆ, ಪ್ರದರ್ಶನದಲ್ಲಿ ಒಬ್ಬ ಹುಡುಗಿ ಹೇಳಿದಳು’ ಎಂದು ಯಾರಾದರೂ ಹೊತ್ತುಕೊಂಡು ಹೋದರೆ? ಹೆಚ್ಚು ಬೆಳೆಯಿತು ಎಂಬುದನ್ನು ಒಳ್ಳೆಯದಾಯಿತು ಎಂದು ಕೇಳಿಸಿಕೊಳ್ಳುವುದು ಸಹಜ. ಇಲ್ಲಿ ನಿನ್ನ ನೆರವಿಗೆ ಬರುವುದು ಕೆನಡಾದ ಒಂಟಾರಿಯೊದಲ್ಲಿರುವ 226ನೇ ಸಂಖ್ಯೆಯ ಸರೋವರ. 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಅದರ ನಡುವಿನ ಇಕ್ಕಟ್ಟಾದ ಭಾಗಕ್ಕೆ ಅಡ್ಡಲಾಗಿ ಪರದೆ ಇಳಿಬಿಟ್ಟು ಸರೋವರವನ್ನು ಎರಡು ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಬೆರೆಸಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ, ಅಂದರೆ ಫಾಸ್ಫೇಟಿನಲ್ಲಿರುವ ಫಾಸ್ಫರಸ್ಸನ್ನೂ, ಸೇರಿಸಿದರು. ರಂಜಕ ಬಿದ್ದ ಕಡೆ ಪಾಚಿ ಹಬ್ಬಿ ನೀರು ಹಸಿರಾಯಿತು, ಇನ್ನೊಂದು ಕಡೆ ಹಾಗಾಗಲಿಲ್ಲ. ಆಕಾಶದಿಂದ ತೆಗೆದ ಆ ಫೋಟೊದಲ್ಲಿ ಪರದೆಯ ಈಚೆಗೊಂದು ಬಣ್ಣ, ಆಚೆಗೊಂದು ಬಣ್ಣ. ಸರೋವರಗಳು ಹಸಿರುಗಟ್ಟಿ ಕೆಡುವುದರಲ್ಲಿ ಒಗೆಯುವ ಪುಡಿಯ ಫಾಸ್ಫೇಟಿನ ಪಾಲೆಷ್ಟು ಎಂಬ ವಾದ ಜೋರಾಗಿದ್ದ ಕಾಲ ಅದು. ಪುಟಗಟ್ಟಲೆ ವರದಿ ಓದದ ಜನಕ್ಕೂ ಆ ಒಂದು ಚಿತ್ರ ವಿಷಯ ತಿಳಿಸಿತು. ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗಿ ಮೀನುಗಳಿಗೆ ಉಸಿರು ಕಟ್ಟುತ್ತದೆ ಎಂಬುದನ್ನು ಒಂದು ಮಾತಿನಲ್ಲಿ ಸೇರಿಸು. ನಿನ್ನ ಎದುರು ಫಲಿತಾಂಶ ಆಗ ಎಷ್ಟು ದೊಡ್ಡ ಸಂಗತಿಯ ಪಕ್ಕ ನಿಂತಿದೆ ಎಂಬುದು ನಿನಗೂ ಕಾಣುತ್ತದೆ. ಆದರೂ ಪೋಸ್ಟರಿನ ಕೆಳಗೆ ದಪ್ಪಕ್ಷರದಲ್ಲಿ ಬರೆ: ಇದು ಒಂದು ಗಿಡ, ಒಂದು ಪುಡಿ, ಲೋಟದ ನೀರು, ಏಳು ದಿನ. ಪತ್ರಿಕೆಯವರು ಬಂದರೆ ಈ ಸಾಲನ್ನು ಚೀಟಿಯಲ್ಲಿ ಬರೆದೇ ಕೊಡು. ‘ವಿದ್ಯಾರ್ಥಿನಿಯಿಂದ ಮಾಲಿನ್ಯಕ್ಕೆ ಮದ್ದು’ ಎಂಬಂಥ ತಲೆಬರಹ ಬಂದ ಮೇಲೆ ಮಕ್ಕಳು ಮುಖ ಮುಚ್ಚಿಕೊಂಡು ಓಡಾಡಿದ್ದನ್ನು ನೋಡಿದ್ದೇನೆ, ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

‘ನೀನೇ ಮಾಡಿದ್ದಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ನೊಂದುಕೊಳ್ಳದೆ ಪಾಲು ಬಿಡಿಸಿ ಹೇಳು: ಯೋಚನೆ ಯಾರದು, ಪುಡಿ ತೂಗಿದ್ದು ಯಾರ ಲ್ಯಾಬಿನಲ್ಲಿ, ತಕ್ಕಡಿ ಬಳಸಲು ಕಲಿಸಿದ್ದು ಯಾರು, ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್, ಮತ್ತು ದಿನಾ ಕೂತು ಎಣಿಸಿದ್ದು ಯಾರು. ಐಸೆಫ್ ಎಂದು ಕರೆಯುವ ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳದಲ್ಲಿ, ವಿದ್ಯಾರ್ಥಿ ಸಂಶೋಧನಾ ಸಂಸ್ಥೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿದ್ದರೆ, ಮಗು ಏನು ಮಾಡಿತು ಎಂದು ಅಲ್ಲಿನ ವಿಜ್ಞಾನಿಯೇ ಬರೆದು ಸಹಿ ಹಾಕುವ ಪ್ರತ್ಯೇಕ ನಮೂನೆ ಇದೆ. ನೆರವು ಪಡೆಯುವುದನ್ನು ಅಲ್ಲಿ ಯಾರೂ ತಪ್ಪೆನ್ನುವುದಿಲ್ಲ, ಮುಚ್ಚಿಡುವುದು ತಪ್ಪು. ನಿನ್ನ ನೋಟ್‌ಬುಕ್ಕನ್ನು ಶುದ್ಧಪ್ರತಿ ಮಾಡಿ ಒಯ್ಯಬೇಡ. ನೀರು ಚೆಲ್ಲಿದ ಕಲೆ, ಹೊಡೆದುಹಾಕಿ ಮತ್ತೆ ಬರೆದ ಅಂಕಿ, ‘ಇವತ್ತು ಮೂರನೇ ಲೋಟ ಉರುಳಿತು’ ಎಂಬ ಸಾಲು, ಎಲ್ಲ ಇರುವ ಅದೇ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಡು. ಪಕ್ಕದ ಪೋಸ್ಟರಿನ ಹುಡುಗ ದೊಡ್ಡ ಲ್ಯಾಬಿನ ದುಬಾರಿ ಯಂತ್ರದ ಚಿತ್ರ ಹಾಕಿರಬಹುದು. ಅದನ್ನು ಕಂಡು ಕುಗ್ಗಬೇಡ. ಯಂತ್ರ ಕೊಟ್ಟ ಅಂಕಿಯನ್ನು ವಿವರಿಸಲು ಅವನು ಪಡಬೇಕಾದ ಪಾಡು, ಕೈಯಾರೆ ಎಣಿಸಿದ ನಿನಗಿಲ್ಲ.

ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಅನ್ನು, ಆದರೆ ಯಾವ ಬಗೆಯ ಗೊತ್ತಿಲ್ಲ ಎಂದೂ ಹೇಳು. ‘ಅದನ್ನು ನಾನು ಅಳೆಯಲಿಲ್ಲ’ ಒಂದು. ‘ಅದು ನಾನು ಓದದ ವಿಷಯ’ ಇನ್ನೊಂದು. ‘ನನ್ನ ಪ್ರಯೋಗದಿಂದ ಅದನ್ನು ಹೇಳಲು ಬರುವುದಿಲ್ಲ’ ಮಗದೊಂದು. ಈ ಮೂರನ್ನು ಬೇರ್ಪಡಿಸಿ ಹೇಳುವ ವಿದ್ಯಾರ್ಥಿಯನ್ನು ಕಂಡರೆ ತೀರ್ಪುಗಾರರಿಗೆ ವಿಶೇಷ ಗೌರವ. ಐಸೆಫ್‌ನ ಅಂಕಪಟ್ಟಿಯಲ್ಲಿ 100ಕ್ಕೆ 35 ಅಂಕ ಪ್ರಸ್ತುತಿಗೆ ಮೀಸಲು. ಅದರಲ್ಲಿ ಪೋಸ್ಟರಿಗೆ 10, ಎದುರು ನಿಂತು ಮಾತಾಡುವುದಕ್ಕೆ 25. ಅಮೆರಿಕದಲ್ಲಿ 1942ರಿಂದ ನಡೆಯುತ್ತಿರುವ ಸೈನ್ಸ್ ಟ್ಯಾಲೆಂಟ್ ಸರ್ಚ್ ಸ್ಪರ್ಧೆಯ ಕೊನೆಯ ಸುತ್ತಿಗೆ ಬರುವ 40 ಮಕ್ಕಳೂ ತೀರ್ಪುಗಾರರ ಮುಂದೆ ಕೂರುವುದಷ್ಟೇ ಅಲ್ಲದೆ ಸಾರ್ವಜನಿಕರಿಗೆ ತಮ್ಮ ಕೆಲಸ ವಿವರಿಸುತ್ತಾರೆ. ಆ ಸ್ಪರ್ಧೆಯಲ್ಲಿ ನನಗೆ ಇಷ್ಟವಾದ ಪದ್ಧತಿಯೊಂದಿದೆ: ನೊಬೆಲ್ ವಿಜ್ಞಾನಿ ಗ್ಲೆನ್ ಸೀಬೋರ್ಗ್ ಹೆಸರಿನ ಗೌರವಕ್ಕೆ ಯಾರು ಎಂದು ಆ 40 ಮಂದಿಯೇ ತಮ್ಮೊಳಗಿನಿಂದ ಆರಿಸುತ್ತಾರೆ. ನೀನೂ ನಿನ್ನ ಪೋಸ್ಟರನ್ನು ಅರ್ಧ ಗಂಟೆ ಗೆಳತಿಗೆ ಒಪ್ಪಿಸಿ, ಉಳಿದವರ ಬಳಿ ಹೋಗಿ ಪ್ರಶ್ನೆ ಕೇಳಿ ಬಾ.

ಸಂಘಟಕರ ನಿಯಮಗಳನ್ನು ಈಗಲೇ ತರಿಸಿಕೊಂಡು ಓದು. ಜೀವಂತ ಗಿಡ, ನೀರು, ರಾಸಾಯನಿಕಗಳನ್ನು ಇಡಲು ಬಹಳ ಮೇಳಗಳು ಬಿಡುವುದಿಲ್ಲ, ಐಸೆಫ್ ಅಂತೂ ಬಿಡುವುದೇ ಇಲ್ಲ. ಲೋಟಗಳನ್ನು ಹೊತ್ತು ಹೋಗಿ ಬಾಗಿಲಲ್ಲಿ ಪರದಾಡಬೇಡ, ಫೋಟೊ ಸಾಕು.

ಇನ್ನೊಂದು ವಿಷಯ, ಇದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಕೆಲವು ವರ್ಷಗಳ ಹಿಂದೆ ಮೊಳಕೆಗಳ ಮೇಲೆ ಕೆಲಸ ಮಾಡಿದ್ದ ಒಬ್ಬ ಹುಡುಗಿಯ ಪೋಸ್ಟರ್ ನೋಡಿ ನಾವು ಮೂವರು ತೀರ್ಪುಗಾರರು ಒಳ್ಳೆಯ ಅಂಕ ಹಾಕಿ ಮುಂದೆ ಹೋಗಿದ್ದೆವು. ಮಧ್ಯಾಹ್ನ ಜನರಿಗೆ ಬಾಗಿಲು ತೆರೆದಾಗ ಒಬ್ಬ ಹೆಂಗಸು ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು: ‘ಈ ಸಾಲು ಕಿಟಕಿ ಕಡೆಗಿತ್ತಾ ಮಗಳೇ? ನಮ್ಮ ಮನೆ ಕುಂಡಗಳಲ್ಲಿ ಕಿಟಕಿ ಕಡೆಯವೇ ಯಾವಾಗಲೂ ಮುಂದೆ.’ ಚೆನ್ನಾಗಿ ಬೆಳೆದಿದ್ದ ಸಾಲು ಕಿಟಕಿ ಕಡೆಗೇ ಇತ್ತು. ನಾವು ಮೂವರೂ ಅದನ್ನು ಕೇಳಿರಲಿಲ್ಲ. ಹುಡುಗಿ ಒಂದು ಕ್ಷಣ ಬಿಳಿಚಿಕೊಂಡಳು, ಆಮೇಲೆ ಪೆನ್ ತೆಗೆದು ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ನಿನ್ನ ಇಪ್ಪತ್ತು ಲೋಟಗಳು ಎಲ್ಲಿದ್ದವು? ಕಡಿಮೆ ಪುಡಿಯ ನಾಲ್ಕೂ ಒಂದೇ ಸಾಲಿನಲ್ಲಿ, ಬೆಳಕಿನ ಕಡೆಗೆ ಇದ್ದವೋ, ಅಥವಾ ದಿನಾ ಜಾಗ ಬದಲಿಸುತ್ತಿದ್ದೆಯೋ? ಬದಲಿಸಿರದಿದ್ದರೆ ಗಾಬರಿಯಾಗಬೇಡ. ಪ್ರದರ್ಶನಕ್ಕೆ ಇನ್ನೂ ಒಂದು ತಿಂಗಳಿದೆ, ನಿನ್ನ ಪ್ರಯೋಗಕ್ಕೆ ಬೇಕಾದದ್ದು ಏಳು ದಿನ. ಏನೂ ಹಾಕದ ನಾಲ್ಕು, ತೀರಾ ಕಡಿಮೆ ಹಾಕಿದ ನಾಲ್ಕು, ಇಷ್ಟೇ ಎಂಟು ಲೋಟ ಇಡು. ಯಾವುದು ಎಲ್ಲಿ ಎಂದು ಚೀಟಿ ಎತ್ತಿ ನಿರ್ಧರಿಸು, ದಿನಾ ಜಾಗ ಬದಲಿಸು. ಲೋಟದ ಮೇಲಿನ ಚೀಟಿಯನ್ನು ಚಿಕ್ಕಮ್ಮ ಮುಚ್ಚಿಡಲಿ, ನೀನು ಎಣಿಸು. ಏನು ಬಂತು ಎಂದು ನನಗೂ ಬರೆ.